ಹಲಸಿನ ಕೊಂಬೆ ಇಳಿಸೋಕೆ 16,000 ರೂಪಾಯಿ: ಜಾಸ್ತಿ ಆಯ್ತಾ?

ಮೈಸೂರಿನ ಕುವೆಂಪುನಗರದಲ್ಲಿ ನಮ್ಮದೊಂದು ಹಳೇ ಮನೆ. ಹಿತ್ತಲಲ್ಲಿ ಹಲಸಿನ ಮರ ಇದೆ, ಅತ್ತೆ ಈ ಮನೆಗೆ ಬಂದ ವರ್ಷ ನೆಟ್ಟಿದ್ದು. ಈಗ ಎರಡು ಮಹಡಿ ದಾಟಿದೆ. ಅದರ ಒಂದು ದಪ್ಪ ಕೊಂಬೆ ಪಕ್ಕದ ಮನೆಯವರ ಕಾರ್ ಶೆಡ್ ಮೇಲೆ ಬಾಗಿತ್ತು, ಇನ್ನೊಂದು ಕರೆಂಟ್ ತಂತಿಗೆ ತಾಗುತ್ತಿತ್ತು. ಗಾಳಿ ಬಂದ ರಾತ್ರಿಯೆಲ್ಲ ನಿದ್ದೆ ಇಲ್ಲ. ಕಳೆದ ತಿಂಗಳು ನಾಲ್ಕು ಜನರ ತಂಡವೊಂದು ಬಂದು ಎರಡನ್ನೂ ಇಳಿಸಿಕೊಟ್ಟಿತು. 16,000 ರೂಪಾಯಿ ತೆಗೆದುಕೊಂಡರು. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಇವರಿಗೆ ಅಂಗಡಿ, ಬೋರ್ಡು, ಬಿಲ್‌ಬುಕ್ಕು ಏನೂ ಇಲ್ಲ, ಬಾಯಿಂದ ಬಾಯಿಗೆ ಹೋಗುವ ಫೋನ್ ನಂಬರ್ ಅಷ್ಟೇ.

ರೇಟ್ ಕೇಳಿ ನನ್ನ ತಂಗಿ, "ಅಲ್ಲಕ್ಕಾ, ಆ ದುಡ್ಡಿಗೆ ಮರಾನೇ ಬುಡಸಮೇತ ತೆಗೆಸಬಹುದಿತ್ತಲ್ಲ" ಅಂದಳು. ತೆಗೆಸಬಹುದಿತ್ತು, ಅದಕ್ಕಿಂತ ಕಮ್ಮಿಗೇ ಆಗುತ್ತಿತ್ತು. ಯಾಕೆ ಅಂತ ನನಗೆ ಎರಡು ವರ್ಷದ ಹಿಂದೆಯೇ ಗೊತ್ತಾಗಿತ್ತು, ಸ್ವಲ್ಪ ತಡವಾಗಿ.

ಆಗ ಬೇರೆ ಯಾರೋ ಬಂದಿದ್ದರು. "5,000 ಕೊಡಿ, ಕಸ ಕಡ್ಡಿ ಎಲ್ಲ ನಾವೇ ಒಯ್ತೀವಿ" ಅಂದರು. ಎಷ್ಟು ಒಳ್ಳೆಯವರು ಅಂದುಕೊಂಡು ಕಾಫಿ ಬೇರೆ ಕೊಟ್ಟೆ. ಮಧ್ಯಾಹ್ನ ಮಲಗಿ ಎದ್ದು ನೋಡಿದರೆ, ನೆಟ್ಟಗೆ ಬೆಳೆದಿದ್ದ ಮೂರು ದಪ್ಪ ಕೊಂಬೆ ಹೋಗಿವೆ. ಶೆಡ್ ಮೇಲೆ ಬಾಗಿದ್ದ ಡೊಂಕು ಕೊಂಬೆ ಮಾತ್ರ ಹಾಗೇ ಇದೆ! ಕೇಳಿದರೆ "ಅದು ರಿಸ್ಕ್ ಅಮ್ಮ, ಇನ್ನೊಂದಿನ ಬರ್ತೀವಿ" ಅಂತ ಹೋದವರು ಪತ್ತೆ ಇಲ್ಲ. ಆಮೇಲೆ ಪರಿಚಯದ ಸಾಮಿಲ್‌ನವರಿಗೆ ಕೊಂಬೆಗಳ ಸುತ್ತಳತೆ ಹೇಳಿದೆ. ಅವರು ನಕ್ಕುಬಿಟ್ಟರು. ಹಲಸಿನ ಮರ ಅಂದರೆ ಬಾಗಿಲು, ಚೌಕಟ್ಟಿಗೆ ಆಗುವ ಹಳದಿ ನಾಟಾ. ಕಸದ ಹೆಸರಲ್ಲಿ ಅದನ್ನೇ ಹೊತ್ತುಕೊಂಡು ಹೋಗಿದ್ದರು, ಮೇಲೆ 5,000 ನಾನೇ ಕೊಟ್ಟಿದ್ದೆ.

ನಷ್ಟ ಬರೀ ದುಡ್ಡಿನದಲ್ಲ. ಕೊಂಬೆಗಳನ್ನು ಅರ್ಧಕ್ಕೆ ಮೋಟು ಮಾಡಿದ್ದರಲ್ಲ, ಆ ಮೋಟಿನ ತುದಿಯಲ್ಲಿ ಪೊರಕೆಯ ಹಾಗೆ ಹತ್ತಾರು ಚಿಗುರು ಬಂದವು. ನೋಡೋಕೆ ಹಸಿರು, ಆದರೆ ಅವು ತೊಗಟೆ ಪಕ್ಕದಿಂದ ಹೊರಟವು, ಒಳಗೆ ಹಿಡಿತವೇ ಇಲ್ಲ. ಹೋದ ಏಪ್ರಿಲ್ ಮಳೆಗೆ ಎರಡು ಕಿತ್ತುಕೊಂಡು ಬಿದ್ದವು. ಒಂದು ಮೋಟು ಒಳಗಿಂದ ಕೊಳೆತೂ ಇತ್ತು.

ಹಾಗಾಗಿ ಈ ಸಲ ಹುಷಾರಾಗಿದ್ದೆ. ಹೊಸ ತಂಡದ ಮೇಸ್ತ್ರಿ ಬಂದವನು ಮೊದಲು ಮರದ ಸುತ್ತ ಎರಡು ಸುತ್ತು ಹಾಕಿದ, ಮೋಟುಗಳನ್ನು ಕತ್ತಿಯ ಹಿಡಿಯಿಂದ ಕುಟ್ಟಿ ಸದ್ದು ಕೇಳಿದ. ಆಮೇಲೆ ಹೇಳಿದ್ದು ಇಷ್ಟೇ: "ಅಮ್ಮ, ಮರ ನಿಮ್ದೇ ಇರ್ಲಿ, ಕೂಲಿ ನಂದಿರ್ಲಿ." ಕೊಯ್ದ ನಾಟಾ, ಸೌದೆ ಏನೂ ಬೇಡ, ಕೆಲಸದ ದುಡ್ಡು ಮಾತ್ರ. ಆ ಮಾತಿಗೇ ನಾನು ಒಪ್ಪಿದ್ದು. ನಾಟಾದಲ್ಲಿ ಪಾಲು ಇಲ್ಲದವನಿಗೆ ಜಾಸ್ತಿ ಕಡಿಯುವ ಆಸೆ ಯಾಕೆ ಬರುತ್ತೆ, ಅಲ್ವಾ?

ಒಂದು ಷರತ್ತು ಹಾಕಿದ. ಅನುಮತಿ ಪತ್ರ ಕೈಗೆ ಬರುವ ತನಕ ಮರ ಕೊಯ್ಯುವ ಚೈನ್ ಮಷೀನ್ ಸ್ಟಾರ್ಟ್ ಮಾಡಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಮರ ಕಡಿಯುವುದು ಅಂದರೆ ಬುಡ ಕಡಿಯುವುದಷ್ಟೇ ಅಲ್ಲ, ಕೊಂಬೆ ಸವರುವುದೂ ಸೇರುತ್ತೆ. ತೆಂಗು, ಸಿಲ್ವರ್ ಓಕ್‌ನಂಥ ಕೆಲವಕ್ಕೆ ವಿನಾಯಿತಿ ಇದೆ, ನಮ್ಮ ಹಲಸಿಗೆ ಅರ್ಜಿ ಕೊಡಲೇಬೇಕಾಯ್ತು. ಫೋಟೋ, ಅರ್ಜಿ, ಓಡಾಟ, ಪರಿಶೀಲನೆಗೆ ಬರುವವರಿಗಾಗಿ ಕಾಯುವುದು, ಎಲ್ಲ ಸೇರಿ ಮೂರು ವಾರ ಹೋಯ್ತು. ಈ ಕೆಲಸದವರಿಗೆ ದೊಡ್ಡ ತಲೆನೋವು ಇದೇ ಅಂತೆ. ಗಿರಾಕಿಗೆ ಅರ್ಜಂಟು, ಕಾಗದ ಇಲ್ಲ. ಒಬ್ಬ ಒಲ್ಲೆ ಅಂದರೆ ಇನ್ನೊಬ್ಬ ಭಾನುವಾರ ಬೆಳಗ್ಗೆ ಬಂದು ಕಡಿದು ಹೋಗುತ್ತಾನೆ.

ಕೆಲಸದ ದಿನ ಲೈನ್‌ಮನ್ ಬಂದು ಎಲ್‌ಸಿ ತಗೊಂಡ ಮೇಲೆಯೇ, ಅಂದರೆ ಲೈನ್ ಆಫ್ ಮಾಡಿಸಿದ ಮೇಲೆಯೇ, ಮೇಸ್ತ್ರಿ ಮರ ಹತ್ತಿದ. ಸೊಂಟಕ್ಕೆ ಬೆಲ್ಟು, ತಲೆಗೆ ಹೆಲ್ಮೆಟ್. ಮೇಲಿನ ಗಟ್ಟಿ ಕವಲಿಗೆ ಹಗ್ಗ ಹಾಯಿಸಿ, ಒಂದು ತುದಿ ಕೊಯ್ಯುವ ಕೊಂಬೆಗೆ ಕಟ್ಟಿದ. ಇನ್ನೊಂದು ತುದಿಯನ್ನು ಬುಡಕ್ಕೆ ಮೂರು ಸುತ್ತು ಸುತ್ತಿ ಕೆಳಗಿದ್ದವನು ಹಿಡಿದ. ಮೊದಲು ಕೊಂಬೆಯ ಕೆಳಗಡೆಯಿಂದ ಸ್ವಲ್ಪ ಕೊಯ್ದ. ಆಮೇಲೆ ಅದಕ್ಕಿಂತ ಒಂದು ಗೇಣು ಆಚೆ, ಮೇಲಿಂದ. ಲಟಕ್ ಅಂತ ಮುರಿಯಿತು, ತೊಗಟೆ ಸಿಗಿಯುತ್ತಾ ಬಂದು ಕೆಳಗಿನ ಗಾಯದ ಹತ್ತಿರ ನಿಂತುಬಿಟ್ಟಿತು. ಆ ಕೆಳಗಿನ ಗಾಯ ಇಲ್ಲದಿದ್ದರೆ ಕಾಂಡದ ತೊಗಟೆಯೂ ಸೀಳಿಕೊಂಡು ಬರುತ್ತಿತ್ತು. ಕೊಂಬೆ ಶೆಡ್ಡಿನ ಶೀಟಿಗೆ ಎರಡಡಿ ಮೇಲೆ ಹಗ್ಗದಲ್ಲಿ ತೂಗಾಡುತ್ತಾ, ತೊಟ್ಟಿಲು ಇಳಿಸಿದ ಹಾಗೆ ನಿಧಾನಕ್ಕೆ ನಮ್ಮ ಕಡೆ ಇಳಿಯಿತು. ಪಕ್ಕದ ಮನೆ ಯಜಮಾನರು ಕಾಂಪೌಂಡ್ ಆಚೆ ಕೈ ಕಟ್ಟಿಕೊಂಡು ನಿಂತಿದ್ದವರು ಆಗಲೇ ಉಸಿರು ಬಿಟ್ಟಿದ್ದು.

ಉಳಿದ ಮೋಟನ್ನು ಮೂರನೇ ಸಲ ಕೊಯ್ದ. ಕೊಂಬೆ ಬುಡದಲ್ಲಿ ಉಂಗುರದ ಹಾಗೆ ಉಬ್ಬಿರುತ್ತಲ್ಲ, ಅದನ್ನು ಮುಟ್ಟದೆ ಅದರ ಆಚೆಗೆ. ಗಾಯ ಮುಚ್ಚುವ ಶಕ್ತಿ ಅಲ್ಲೇ ಇರೋದಂತೆ. "ಸಿಮೆಂಟೋ ಪೇಂಟೋ ಬಳೀಬೇಕಲ್ವೇನಪ್ಪ?" ಅಂತ ಅತ್ತೆ ಕೇಳಿದರು. "ಏನೂ ಬೇಡ ಅಜ್ಜಿ, ಅದರಷ್ಟಕ್ಕೆ ಅದು ಮುಚ್ಕೊಳ್ಳುತ್ತೆ" ಅಂದ.

ಹಲಸಿನ ಅಂಟು ಬೇರೆ! ಎರಡು ಸಲ ಚೈನಿಗೆ ಅಂಟಿಕೊಂಡು ಮಷೀನ್ ನಿಂತಿತು. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಅರ ಹಾಕಿ ಹಲ್ಲು ಹರಿತ ಮಾಡಿದರು. ಕೈಗೆ ನಮ್ಮ ಅಡುಗೆಮನೆಯ ಕೊಬ್ಬರಿ ಎಣ್ಣೆ.

ಊಟಕ್ಕೆ ಕೂತಾಗ ಲೆಕ್ಕ ಕೇಳಿದೆ, ಮುಚ್ಚುಮರೆ ಇಲ್ಲದೆ ಹೇಳಿದ. ಅವನ ಕೂಲಿ 3,000. ಹಗ್ಗ ಹಿಡಿದವನಿಗೆ 1,800. ಕೆಳಗಿನ ಇಬ್ಬರಿಗೆ ತಲಾ 900. ಪೆಟ್ರೋಲು, ಚೈನ್ ಆಯಿಲ್ಲು 800, ಸೊಪ್ಪು ಸಾಗಿಸೋಕೆ ಟಾಟಾ ಏಸ್ ಎರಡು ಟ್ರಿಪ್ 2,000, ಊಟ ತಿಂಡಿ 600. ಹತ್ತು ಸಾವಿರ ಅಲ್ಲಿಗಾಯ್ತು. ಉಳಿದ ಆರರಲ್ಲಿ ಹಗ್ಗ, ಬೆಲ್ಟು, ಮಷೀನ್ ರಿಪೇರಿ, ಆಮೇಲೆ ಕೆಲಸ ಇಲ್ಲದ ದಿನಗಳು. ಏಪ್ರಿಲ್, ಮೇನಲ್ಲಿ ಫೋನ್ ಕೆಳಗಿಡಲು ಬಿಡಲ್ಲ, ಮಳೆ ಹಿಡಿದರೆ ತೊಗಟೆ ಜಾರುತ್ತೆ, ವಾರಗಟ್ಟಲೆ ಸುಮ್ನೆ ಕೂರಬೇಕು. ಅಪಾರ್ಟ್‌ಮೆಂಟ್ ಕೆಲಸ ದೊಡ್ಡದು, ಆದರೆ ನಡುವೆ ಏಜೆಂಟ್ ಇರುತ್ತಾನೆ, ದುಡ್ಡು ಬರೋಕೆ ಎರಡು ತಿಂಗಳು, ಮೇಲೆ ಜಿಎಸ್‌ಟಿ ಬಿಲ್ ಬೇರೆ ಕೇಳುತ್ತಾರೆ.

ಬಿದ್ದರೆ ಏನು ಕಥೆ ಅಂತ ಕೇಳಿದೆ. ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಇದೆ. ಇವನದು ಎಲ್ಲ ಜಾತಿಯ ಮರ, ಕೊಂಬೆ ಕೊಯ್ಯುವ ಕೆಲಸ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಟ್ ಆಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಒಂದಿದೆ, ಅಪಘಾತದಲ್ಲಿ ಸತ್ತರೆ 2 ಲಕ್ಷ. ಕಾಲು ಮುರಿದು ಮೂರು ತಿಂಗಳು ಮಲಗಿದರೆ ಅದರಲ್ಲಿ ಏನೂ ಬರಲ್ಲ. ವಯಸ್ಸು 41 ಅಂದ. ಲೋಟ ಎತ್ತುವಾಗ ಬೆರಳು ಸಣ್ಣಗೆ ನಡುಗುತ್ತಿತ್ತು. ಮಷೀನ್ ಹಿಡಿದ ದಿನ ರಾತ್ರಿ ಕೈ ಜೋಮು ಹಿಡಿಯುತ್ತಂತೆ. ಮಗ ಡೆಲಿವರಿ ಕೆಲಸಕ್ಕೆ ಸೇರಿದ್ದಾನೆ, ಮರ ಹತ್ತಲ್ಲ.

ಇಷ್ಟು ಕೇಳಿದ ಮೇಲೆ ಚೌಕಾಸಿ ಮಾಡೋಕೆ ಬಾಯಿ ಬರಲಿಲ್ಲ. ನಾಟಾ ನಮ್ಮ ಹತ್ತಿರವೇ ಇದೆ, ಅತ್ತೆ ಅದರಲ್ಲಿ ಎರಡು ಮಣೆ ಮಾಡಿಸುತ್ತಾರಂತೆ.

ಇನ್ನು ಆ ಒಂದು ಸ್ಟಾರ್. ಬರ್ತೀನಿ ಅಂತ ಎರಡು ಸಲ ದಿನ ಮುಂದೂಡಿದ, ಒಂದು ಸಲ ಫೋನೂ ಮಾಡಲಿಲ್ಲ. ಕೆಳಗೆ ಕೆಲಸ ಮಾಡುತ್ತಿದ್ದ ಹುಡುಗರಿಬ್ಬರಿಗೂ ಹೆಲ್ಮೆಟ್ ಇರಲಿಲ್ಲ, ಅದು ನನಗೆ ಸರಿಬರಲಿಲ್ಲ, ಹೇಳಿಯೂ ಹೇಳಿದೆ. "ಹಾಕ್ಕೊಳ್ಳಲ್ಲ ಅಮ್ಮ ಅವ್ರು" ಅಂದ. ಅದು ಉತ್ತರ ಅಲ್ಲ. ಮರದ ಹೊಟ್ಟು ಗುಡಿಸದೆ ಹೋದರು. ಸೊಪ್ಪು ಎಳೆಯುವಾಗ ನನ್ನ ಕರಿಬೇವಿನ ಗಿಡವನ್ನು ನಡುವಿಗೆ ಮುರಿದರು, ಮುಂದಿನ ವಾರ ಬೇರೆ ಸಸಿ ತಂದುಕೊಟ್ಟದ್ದೇನೋ ನಿಜ. ಅದರಲ್ಲಿ ಇನ್ನೂ ಒಗ್ಗರಣೆಗೆ ಆಗುವಷ್ಟೂ ಎಲೆ ಇಲ್ಲ.