ಭಾವನ ದೋಣಿಗೆ ನಾನೇ ಮಾಡಿಕೊಟ್ಟ, ಪೆಟ್ರೋಲ್ ಕಡಿಮೆಯಾದರೆ ಹತ್ತುವ ದೀಪ: ಮೂರು ವರ್ಷ ಬಳಸಿದ ಮೇಲೆ

ಗಂಗೊಳ್ಳಿಯಲ್ಲಿ ನನ್ನ ಭಾವನದ್ದೊಂದು ಫೈಬರ್ ದೋಣಿ ಇದೆ. 40 ಎಚ್‌ಪಿ ಔಟ್‌ಬೋರ್ಡ್ ಎಂಜಿನ್, ಕಾಲಡಿಯ ಹಲಗೆಯ ಕೆಳಗೆ 60 ಲೀಟರ್ ಟ್ಯಾಂಕ್. ಪಂಚಗಂಗಾವಳಿ ನದಿಯಲ್ಲಿ ಪ್ರವಾಸಿಗರನ್ನು ಸುತ್ತಾಡಿಸುತ್ತಾರೆ. ಪೆಟ್ರೋಲ್ ಮೀಟರಿನ ಮುಳ್ಳು ಉಪ್ಪುಗಾಳಿಗೆ ಯಾವತ್ತೋ ಸತ್ತಿತ್ತು. ಕೋಲು ಅದ್ದಿ ನೋಡಿ ಹೊರಡುತ್ತಿದ್ದರು. ಮೂರು ವರ್ಷದ ಹಿಂದೆ ಒಂದು ಸಂಜೆ ಅಳಿವೆಯ ಹತ್ತಿರ ಪೆಟ್ರೋಲ್ ಮುಗಿದು ಎಂಜಿನ್ ನಿಂತಿತು. ರಸ್ತೆಯಲ್ಲಾದರೆ ಗಾಡಿ ತಳ್ಳಬಹುದು. ಅಳಿವೆಯಲ್ಲಿ ಎಂಜಿನ್ ನಿಂತ ದೋಣಿ ಅಲೆಗೆ ಅಡ್ಡ ತಿರುಗುತ್ತದೆ, ಆಮೇಲೆ ಮಗುಚುವುದಕ್ಕೆ ಹೆಚ್ಚು ಹೊತ್ತು ಬೇಡ. ಮೀನಿನ ದೋಣಿಯವರು ಹಗ್ಗ ಎಸೆದು ಎಳೆದು ತಂದರು. ಅಕ್ಕ ಫೋನಿನಲ್ಲಿ ಇದನ್ನು ಹೇಳಿದಳು. ಪೆಟ್ರೋಲ್ ಕಡಿಮೆಯಾದಾಗ ಎಚ್ಚರಿಸುವ ದೀಪವೊಂದನ್ನು ಮಾಡಿಕೊಡಲು ಆ ಶನಿವಾರವೇ ನಾನು ಎಲೆಕ್ಟ್ರಾನಿಕ್ ಬಿಡಿಭಾಗ ಸಿಗುವ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ.

ಎಲ್‌ಎಂ393 ಐಸಿ (ಎರಡು ವೋಲ್ಟೇಜ್ ಹೋಲಿಸುವ ಚಿಪ್), ಒಂದು ಪ್ರಿಸೆಟ್ (ತಿರುಗಿಸಿ ಹೊಂದಿಸುವ ಪುಟ್ಟ ರೆಸಿಸ್ಟರ್), ನಾಲ್ಕಾರು ರೆಸಿಸ್ಟರ್, ಕೆಪಾಸಿಟರ್, ಟ್ರಾನ್ಸಿಸ್ಟರ್, ಕೆಂಪು ಎಲ್‌ಇಡಿ, ನೀರು ನುಗ್ಗದ ಪ್ಲಾಸ್ಟಿಕ್ ಡಬ್ಬಿ, ಎಲ್ಲ ಸೇರಿ 700 ರೂಪಾಯಿ ದಾಟಲಿಲ್ಲ. ಟ್ಯಾಂಕಿನೊಳಗೆ ಪೆಟ್ರೋಲಿನ ಮೇಲೆ ತೇಲುವ ಫ್ಲೋಟ್ ಚೆನ್ನಾಗಿಯೇ ಇತ್ತು. ಅದು ಏರಿಳಿದಂತೆ ಅದರ ರೆಸಿಸ್ಟೆನ್ಸ್ ಬದಲಾಗುತ್ತದೆ. ಅದಕ್ಕೆ 220 ಓಮ್ ಮೂಲಕ ಬ್ಯಾಟರಿಯಿಂದ ಕರೆಂಟ್ ಕೊಟ್ಟು, ನಡುವಿನ ವೋಲ್ಟೇಜನ್ನು ಪ್ರಿಸೆಟ್‌ನಲ್ಲಿ ಗೊತ್ತುಮಾಡಿದ ವೋಲ್ಟೇಜಿನ ಜೊತೆ ಐಸಿ ಹೋಲಿಸಿ, ಅದನ್ನು ದಾಟಿದರೆ ದೀಪ ಹತ್ತಿಸುತ್ತದೆ. ಎರಡೂ ಅದೇ ಬ್ಯಾಟರಿಯಿಂದ ಬರುವುದರಿಂದ ಅದು 12 ವೋಲ್ಟ್ ಇರಲಿ, ಎಂಜಿನ್ ಓಡುವಾಗ 14 ಇರಲಿ, ತೀರ್ಪು ಬದಲಾಗುವುದಿಲ್ಲ.

ಸಾಮಾನು ಕೊಳ್ಳುವ ಮೊದಲು ನಿಮ್ಮ ಫ್ಲೋಟ್ ಯಾವ ಜಾತಿಯದ್ದು ಎಂದು ಮಲ್ಟಿಮೀಟರಿನಲ್ಲಿ ನೋಡಿಕೊಳ್ಳಿ. ಅಮೆರಿಕದ ರೀತಿಯದು ಖಾಲಿ ಇದ್ದಾಗ 240 ಓಮ್, ತುಂಬಿದಾಗ 33. ಯುರೋಪಿನದು ಖಾಲಿಗೆ 10, ತುಂಬಿದಾಗ 180. ಬರೀ ಉಲ್ಟಾ ಅಷ್ಟೇ ಅನ್ನಿಸುತ್ತದೆ, ಆದರೆ ಜೀವ ಉಳಿಯುವುದು ಈ ವ್ಯತ್ಯಾಸದಲ್ಲೇ. ವೈರ್ ತುಂಡಾದರೆ ಮೊದಲನೆಯದು ‘ಖಾಲಿ’ ಎನ್ನುತ್ತದೆ, ಎರಡನೆಯದು ‘ತುಂಬಿದೆ’ ಎನ್ನುತ್ತದೆ. ಭಾವನ ದೋಣಿಯಲ್ಲಿದ್ದದ್ದು 240ರದ್ದು. ಎರಡನೇ ವರ್ಷ ಒಂದು ಬೆಳಿಗ್ಗೆ ಅವರ ಫೋನ್: “ಹ್ವಾಯ್, ಟ್ಯಾಂಕ್ ಫುಲ್ ಇತ್ತ್, ದೀಪ ಆರ್ತಿಲ್ಲ ಮಾರಾಯ!” ಫ್ಲೋಟಿನ ತುದಿಯಲ್ಲಿ ವೈರ್ ಹಸಿರು ಕಿಲುಬು ಹಿಡಿದು ಕಳಚಿತ್ತು. ಜೆ.ಸಿ. ರಸ್ತೆಯಲ್ಲಿ ಸಿಗುವ ಮಾಮೂಲಿ ತಾಮ್ರದ ವೈರ್ ಹಾಕಿದ್ದು ನನ್ನ ತಪ್ಪು. ಕಡಲಿಗೆ ತವರ ಲೇಪಿಸಿದ ತಾಮ್ರದ ವೈರೇ ಬೇಕು. ಆದರೂ ಆ ಫೋನ್ ಬಂದ ದಿನ ನನಗೆ ನೆಮ್ಮದಿಯೇ ಆಯಿತು. ಕೆಟ್ಟಾಗ ಸುಮ್ಮನಿರದೆ ಕೂಗಿ ಹೇಳಿತಲ್ಲ.

ಇದಕ್ಕಿಂತ ಕೆಟ್ಟ ತಪ್ಪು ಮೊದಲ ತಿಂಗಳಲ್ಲೇ ಆಗಿತ್ತು. ಬಸವನಗುಡಿಯ ಮನೆಯಲ್ಲಿ 12 ವೋಲ್ಟ್ ಅಡಾಪ್ಟರ್ ಇಟ್ಟು ಖಾಲಿ ಟ್ಯಾಂಕಿನ ಲೆಕ್ಕದಲ್ಲಿ ಪರೀಕ್ಷೆ ಮಾಡಿದ್ದೆ. ಆಗ ಆ 220 ಓಮ್ ರೆಸಿಸ್ಟರ್ ಮೇಲೆ ಬೀಳುವುದು 0.15 ವ್ಯಾಟ್, ಕಾಲು ವ್ಯಾಟಿನದು ಸಾಕೆಂದುಕೊಂಡೆ. ಟ್ಯಾಂಕ್ ತುಂಬಿ, ಎಂಜಿನ್ ಓಡಿ 14 ವೋಲ್ಟ್ ಬಂದಾಗ ಅದೇ 0.67 ವ್ಯಾಟ್ ಆಗುತ್ತದೆ. ಊರಿಗೆ ಹೋಗಿ ಡಬ್ಬಿ ತೆರೆದರೆ ಸುಟ್ಟು ಕಪ್ಪಾಗಿತ್ತು. ಅದು ಪೂರ್ತಿ ಸುಟ್ಟು ತುಂಡಾಗಿದ್ದರೆ ದೀಪ ಸದಾ ಆರಿಯೇ ಇರುತ್ತಿತ್ತು, ಭಾವ ಅದನ್ನೇ ನಂಬಿ ಅಳಿವೆಗೆ ಹೋಗುತ್ತಿದ್ದರು. ಈಗ 2 ವ್ಯಾಟಿನದು ಇದೆ, ಬಿಸಿಯಾದರೂ ಸುಡುವುದಿಲ್ಲ. ಈ ಒಂದು ರೆಸಿಸ್ಟರಿನಲ್ಲಿ ದಯವಿಟ್ಟು ಜಿಪುಣತನ ಮಾಡಬೇಡಿ.

ತುಂಬಿದ ಕೊಡ ತುಳುಕುವುದಿಲ್ಲ. ಕಾಲುಭಾಗಕ್ಕೆ ಇಳಿದ ಟ್ಯಾಂಕ್ ಪ್ರತಿ ಅಲೆಗೂ ತುಳುಕುತ್ತದೆ, ದೀಪ ಮಿಣುಕುತ್ತದೆ. ಮಿಣುಕುವ ದೀಪವನ್ನು ಎರಡು ದಿನದಲ್ಲಿ ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಅದಕ್ಕೆ ಐಸಿಯ ಮುಂದೆ 100 ಕಿಲೋಓಮ್ ರೆಸಿಸ್ಟರ್, 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದೆ. ಹತ್ತು ಸೆಕೆಂಡಿನ ಆಸುಪಾಸಿನ ತುಳುಕಾಟವೆಲ್ಲ ಅದರಲ್ಲಿ ಕರಗುತ್ತದೆ. ಕೆಪಾಸಿಟರಿನ ಇನ್ನೊಂದು ಕಾಲನ್ನು ನೆಗೆಟಿವ್ ಬದಲು ಪಾಸಿಟಿವ್‌ಗೆ ಕೊಟ್ಟಿದ್ದೇನೆ. ಹೀಗಾಗಿ ಸ್ವಿಚ್ ಹಾಕಿದ ಕೂಡಲೇ ದೀಪ ಹತ್ತಿ, ಟ್ಯಾಂಕ್ ತುಂಬಿದ್ದರೆ ಹತ್ತು ಹನ್ನೆರಡು ಸೆಕೆಂಡಿಗೆ ಆರುತ್ತದೆ. ದಿನಾ ಬೆಳಿಗ್ಗೆ ಎಲ್‌ಇಡಿ ಬದುಕಿದೆಯೇ ಎಂಬ ಪರೀಕ್ಷೆ ತಾನಾಗಿ ನಡೆದುಹೋಗುತ್ತದೆ. ಇಡೀ ಸರ್ಕ್ಯೂಟಿನಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ.

ಎಷ್ಟಕ್ಕೆ ಹತ್ತಬೇಕು ಎಂಬುದನ್ನು ಅಂದಾಜಿನಲ್ಲಿ ಇಡಬೇಡಿ. ದೋಣಿಯ ಅಡಿ ಚೂಪಾಗಿರುವುದರಿಂದ ಅದರ ಟ್ಯಾಂಕಿನ ಅಡಿಯೂ ಕಿರಿದು. ಫ್ಲೋಟ್ ಹೇಳುವುದು ಎತ್ತರವನ್ನು, ಲೀಟರನ್ನಲ್ಲ. ಐದೈದು ಲೀಟರ್ ಸುರಿಯುತ್ತ ಪ್ರತಿ ಸಲ ಓಮ್ ಬರೆದುಕೊಂಡೆವು. ಹೋಗುವುದಕ್ಕೆ ಮೂರನೇ ಒಂದು ಭಾಗ, ಬರುವುದಕ್ಕೆ ಒಂದು, ಆಪತ್ತಿಗೆ ಒಂದು ಎನ್ನುವುದು ದೋಣಿಯವರ ಹಳೆಯ ಲೆಕ್ಕ. ಹಾಗಾಗಿ 20 ಲೀಟರಿಗೆ ದೀಪ ಹತ್ತುವಂತೆ ಪ್ರಿಸೆಟ್ ತಿರುಗಿಸಿ, ಅದು ಅಲುಗದಂತೆ ಅಕ್ಕನ ನೇಲ್ ಪಾಲಿಶ್ ಒಂದು ಹನಿ ಬಿಟ್ಟೆ. ಮೂರು ವರ್ಷದಲ್ಲಿ ಸರಿದಿಲ್ಲ.

ಬೆಸುಗೆಯೆಲ್ಲ ಮನೆಯಲ್ಲೇ ಮುಗಿಸಿಕೊಂಡು ಹೋಗಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲಿ ಮಡುಗಟ್ಟಿರುತ್ತದೆ. ಅಲ್ಲಿ ಬೆಸುಗೆ ಕಡ್ಡಿ ಬಿಸಿ ಮಾಡುವ ಯೋಚನೆಯೂ ಬೇಡ. ಕಿಡಿ ಹಾರಿಸುವ ರಿಲೇ ಬಳಸಲಿಲ್ಲ. ಡಬ್ಬಿಯನ್ನು ಟ್ಯಾಂಕಿನಿಂದ ದೂರ, ಸ್ಟಿಯರಿಂಗ್ ಪಕ್ಕ ಎತ್ತರದಲ್ಲಿಟ್ಟು, ಬ್ಯಾಟರಿಯ ಬುಡದಲ್ಲೇ 1 ಆಂಪಿಯರ್ ಫ್ಯೂಸ್ ಹಾಕಿದ್ದೇನೆ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಕಡಿಮೆ ಯಾಕೆಂದರೆ ಮಧ್ಯಾಹ್ನದ ಬಿಸಿಲಿನಲ್ಲಿ ನೀರಿನ ಝಳಪಿಗೆ ಆ ಕೆಂಪು ದೀಪ ಕಣ್ಣಿಗೆ ಬೀಳುವುದಿಲ್ಲ. ಭಾವ ಕೈ ಅಡ್ಡ ಹಿಡಿದು ನೋಡುತ್ತಾರೆ. ಬರುವ ವಾರ ಊರಿಗೆ ಹೊರಡುವಾಗ 12 ವೋಲ್ಟಿನ ಬಜರ್ ಒಂದು ಬ್ಯಾಗಿನಲ್ಲಿರುತ್ತದೆ.