ಸ್ಟೀಲಿನ ತೊಂದೂರು: ಮೂಡೆಗೆ ಸೈ, ಮುಚ್ಚಳದ್ದೇ ತಕರಾರು

ತೊಂದೂರು ಅಂದರೆ ಇಡ್ಲಿ, ಕಡುಬು ಹಬೆಯಲ್ಲಿ ಬೇಯಿಸುವ ಪಾತ್ರೆ. ಹಳೆಯ ಅಲ್ಯುಮಿನಿಯಂ ತೊಂದೂರಿನ ತಳ ತೂತಾದ ಮೇಲೆ ಉಡುಪಿಯ ಪಾತ್ರೆ ಅಂಗಡಿಯೊಂದರಲ್ಲಿ ಈ ಸ್ಟೀಲಿನದ್ದು ತಂದೆವು. ಕೆಲವು ವರ್ಷವಾಯಿತು. ಹೊಸತರಲ್ಲಿ ಎಲ್ಲವೂ ಚಂದವೇ ಕಾಣುತ್ತದೆ, ಹಾಗಾಗಿ ಈಗ ಬರೆಯುತ್ತಿದ್ದೇನೆ.

ಇದರ ದೊಡ್ಡ ಗುಣ ಎತ್ತರ. ಕುಕ್ಕರಿನಲ್ಲಿ ಸ್ಟ್ಯಾಂಡ್ ಇಟ್ಟು ಇಡ್ಲಿ ಬೇಯಿಸುವವರಿಗೆ ಅದು ಬೇಕಾಗಲಿಕ್ಕಿಲ್ಲ, ಆದರೆ ಅಷ್ಟಮಿಗೆ ಮೂಡೆ ಮಾಡಬೇಕಲ್ಲ? ಕೇದಗೆ ಎಲೆಯನ್ನು ಕೊಳವೆಯ ಹಾಗೆ ಸುತ್ತಿ ಇಡ್ಲಿ ಹಿಟ್ಟು ಹೊಯ್ದ ಮೂಡೆಯನ್ನು ನೆಟ್ಟಗೆ ನಿಲ್ಲಿಸಬೇಕು, ವಾಲಿದರೆ ಹಿಟ್ಟು ಚೆಲ್ಲಿತು ಅಂತಲೇ. ಇದರಲ್ಲಿ ಒಂದಕ್ಕೊಂದು ಒರಗಿಸಿ ಇಟ್ಟರೂ ಮುಚ್ಚಳಕ್ಕೆ ತಾಗುವುದಿಲ್ಲ. ಹಲಸಿನ ಎಲೆಯ ಕೊಟ್ಟೆ ಕಡುಬೂ ಹಾಗೆಯೇ. ತಟ್ಟೆ ಇಡ್ಲಿಗೆ ಹನ್ನೆರಡು ನಿಮಿಷ ಸಾಕು, ಮೂಡೆಗೆ ಅರ್ಧ ಗಂಟೆಗಿಂತ ಜಾಸ್ತಿಯೇ ಬೇಕು, ಆದರೂ ತೂತಿನ ತಟ್ಟೆಯ ಕೆಳಗೆ ಜಾಗ ಧಾರಾಳ ಇರುವುದರಿಂದ ಮಧ್ಯೆ ನೀರು ಹೊಯ್ಯುವ ಕೆಲಸವಿಲ್ಲ. ನೀರಿಗೆ ಒಂದು ನಾಣ್ಯ ಹಾಕಿಡಿ. ಕುದಿಯುವಷ್ಟು ಹೊತ್ತು ಕಟಕಟ ಅನ್ನುತ್ತದೆ, ಸದ್ದು ನಿಂತಿತೋ ಒಲೆ ಹತ್ತಿರ ಓಡಿ.

ಈಗ ಮುಚ್ಚಳ. ಹೆಚ್ಚುಕಡಿಮೆ ಚಪ್ಪಟೆ! ಹಬೆಯೆಲ್ಲ ಅಲ್ಲೇ ನೀರಾಗಿ ಟಪಟಪ ಇಡ್ಲಿ ಮೇಲೆ ಬೀಳುತ್ತದೆ, ಮೇಲಿನ ಪದರ ಒದ್ದೆಯಾಗಿ ಅಂಟಂಟು. ಮುಚ್ಚಳದ ಅಡಿಗೆ ತೆಳು ಬೈರಾಸು ಕೊಟ್ಟು ತುದಿಗಳನ್ನು ಮೇಲೆ ಗಂಟು ಹಾಕಿದರೆ ಸರಿಹೋಗುತ್ತದೆ, ತುದಿ ಬೆಂಕಿಗೆ ಜೋತು ಬೀಳಬಾರದು ಅಷ್ಟೆ. ಆದರೆ ದುಡ್ಡು ಕೊಟ್ಟು ತಂದ ಪಾತ್ರೆಗೆ ಬಟ್ಟೆ ಯಾಕೆ ಕಟ್ಟಬೇಕು ಹೇಳಿ? ಹಿಡಿಯ ಸ್ಕ್ರೂ ಕೂಡ ಸಡಿಲ. ಅಂಗಡಿಯವರನ್ನು ಕೇಳಿದರೆ, "ಅದು ಹಾಗೆಯೇ ಮಾರಾಯ್ರೆ, ತಿರುಗಿಸಿದರೆ ಆಯ್ತು" ಎಂದರು. ತಿರುಗಿಸುತ್ತಲೇ ಇದ್ದೇವೆ. ತಳವೂ ತೆಳು, ಉರಿ ಜೋರು ಮಾಡಿದರೆ ನೀಲಿ ಬಣ್ಣ ಹಿಡಿಯುತ್ತದೆ. ಅಲ್ಯುಮಿನಿಯಂನ ಹಾಗೆ ಒಳಗೆ ಕಪ್ಪಾಗುವುದಿಲ್ಲ, ಹುಣಸೆಹಣ್ಣು ಹಾಕಿ ತಿಕ್ಕುವ ಕೆಲಸ ತಪ್ಪಿತು.

ನಮ್ಮ ಅಳತೆ ಒಂದು ಲೋಟ ಉದ್ದಿಗೆ ಎರಡು ಲೋಟ ಅಕ್ಕಿ ತರಿ. ಉದ್ದನ್ನು ನುಣ್ಣಗೆ ಕಡೆದು, ನೆನೆಸಿ ಹಿಂಡಿದ ತರಿ ಸೇರಿಸುವುದು. ಏಪ್ರಿಲ್ ಸೆಕೆಗೆ ಬೆಳಗಾಗುವಾಗ ಹಿಟ್ಟು ಉಕ್ಕಿ ಹೊರಗೆ, ಆಷಾಢದ ಮಳೆಗೆ ಎಷ್ಟು ಹೊತ್ತಾದರೂ ಏಳುವುದಿಲ್ಲ. ಅದಕ್ಕೆ ಪಾತ್ರೆಯನ್ನು ದೂರಬೇಡಿ.

ಚಟ್ನಿಗೆ ಹುರಿಗಡಲೆ ಹಾಕುವವರ ಜೊತೆ ನನಗೆ ಜಗಳವೇ. ಆಗಷ್ಟೇ ತುರಿದ ಕಾಯಿ, ಹಸಿಮೆಣಸು, ಒಂದು ತುಂಡು ಶುಂಠಿ, ಚೂರು ಹುಳಿ, ಉಪ್ಪು. ನೀರು ಕಮ್ಮಿ ಹಾಕಿ ಗಟ್ಟಿ ಕಡೆಯಿರಿ, ಮೇಲೆ ತೆಂಗಿನೆಣ್ಣೆಯಲ್ಲಿ ಸಾಸಿವೆ, ಕರಿಬೇವಿನ ಒಗ್ಗರಣೆ. ಬೆಳ್ಳುಳ್ಳಿ ಬೇಡವೇ ಬೇಡ, ಮೂಡೆಗಂತೂ. ಎಲೆಯ ಪರಿಮಳಕ್ಕಾಗಿ ಅಷ್ಟೆಲ್ಲ ಕಷ್ಟಪಟ್ಟು ಅದನ್ನು ಮುಚ್ಚಿಹಾಕುವುದು ಯಾಕೆ?

ಮನೆ ತುಂಬ ಜನ ಇರುವವರು, ಹಬ್ಬಕ್ಕೆ ಮೂಡೆ ಮಾಡುವವರು ತೆಗೆದುಕೊಳ್ಳಿ, ಆದರೆ ಮುಚ್ಚಳ ಗೋಪುರದ ಹಾಗೆ ಉಬ್ಬಿದ್ದನ್ನೇ ಹುಡುಕಿ. ಇಬ್ಬರಿಗೆ ಇಷ್ಟು ದೊಡ್ಡದು ಸುಮ್ನೆ ಗ್ಯಾಸ್ ದಂಡ. ಮತ್ತೆ, ಸಿಂಕಿನಲ್ಲಿ ಇದು ಹಿಡಿಯುವುದಿಲ್ಲ. ನಾವು ಬಾವಿಕಟ್ಟೆಯಲ್ಲಿ ತೊಳೆಯುತ್ತೇವೆ, ಫ್ಲ್ಯಾಟಿನವರು ಅಳತೆ ನೋಡಿಕೊಂಡು ಹೋಗಿ.