ಯುರೋಪಿನಲ್ಲಿ ಡಿಸೈನ್ ರಿಜಿಸ್ಟರ್ ಮಾಡಿಸಿ ಐದು ವರ್ಷ: ಒಂದು ಕಾಫಿ ಫಿಲ್ಟರ್‌ನ ಕತೆ

ಮೊದಲೇ ಹೇಳಿಬಿಡುತ್ತೇನೆ, ಈ ನೋಂದಣಿಗೆ ಐದಕ್ಕೆ ಮೂರೂವರೆ ಸ್ಟಾರ್. ಕಡಿಮೆಯಾದ ಒಂದೂವರೆಯಲ್ಲಿ ಒಂದು ಸ್ಟಾರ್ ನನ್ನದೇ ಪೆದ್ದುತನಕ್ಕೆ. ಇದನ್ನು ಬರೆಯುತ್ತಿರುವುದೂ ಅದಕ್ಕೇ. ಪುಣೆಯಲ್ಲಿ ಕನ್ನಡದವರ ಯಾವ ಕಾರ್ಯಕ್ರಮಕ್ಕೆ ಹೋದರೂ ಸಣ್ಣ ಕಾರ್ಖಾನೆಯವರು ಒಬ್ಬರಾದರೂ ಸಿಗುತ್ತಾರೆ, "ನೀವು ಹೊರದೇಶದಲ್ಲಿ ಡಿಸೈನ್ ರಿಜಿಸ್ಟರ್ ಮಾಡಿಸಿದ್ದೀರಂತೆ, ಹೇಗೆ?" ಎಂದು ಕೇಳುತ್ತಾರೆ. ಅಂದರೆ ವಸ್ತುವಿನ ಹೊರರೂಪ ನಮ್ಮದು ಎಂದು ಸರ್ಕಾರಿ ಕಚೇರಿಯಲ್ಲಿ ದಾಖಲಿಸುವುದು. ಊಟದ ಸಾಲಿನಲ್ಲಿ ನಿಂತು ಹೇಳುವಷ್ಟು ಚಿಕ್ಕ ಕತೆ ಅಲ್ಲ ಇದು.

ನಮ್ಮದು ಪುಣೆಯ ಭೋಸರಿಯಲ್ಲಿ ಸಣ್ಣ ಶೆಡ್, ಸ್ಟೀಲ್ ಪಾತ್ರೆ ಮಾಡುತ್ತೇವೆ. ಅದರಲ್ಲಿ ಒಂದು ಕಾಫಿ ಫಿಲ್ಟರ್. ಸಾಮಾನ್ಯ ಫಿಲ್ಟರ್ ನೇರ ಡಬ್ಬಿಯ ಹಾಗಿರುತ್ತದಲ್ಲ, ನಮ್ಮದಕ್ಕೆ ಮಧ್ಯೆ ಅಜ್ಜಿಯ ಹಿತ್ತಾಳೆ ತಂಬಿಗೆಯ ಕಂಠದ ಹಾಗೆ ಒಂದು ಸೊಂಟ ಕೊಟ್ಟೆ. ಆ ಸೊಂಟ ಸರಿಯಾಗಿ ಬರಲು ಎಂಟು ತಿಂಗಳು ಡೈ ಕೆತ್ತಿಸಿದ್ದೇನೆ, ಹೆಂಡತಿ ಅದಕ್ಕೆ "ನಿಮ್ಮ ಎರಡನೇ ಸಂಸಾರ" ಎಂದೇ ಕರೆಯುತ್ತಿದ್ದಳು. ಹ್ಯಾಂಬರ್ಗ್‌ನ ಒಬ್ಬ ವ್ಯಾಪಾರಿ ಸ್ಯಾಂಪಲ್ ನೋಡಿ ಆರ್ಡರ್ ಕೊಟ್ಟರು. ಜೊತೆಗೆ, ಇಲ್ಲಿ ರಿಜಿಸ್ಟರ್ ಮಾಡಿಸದೆ ಅಂಗಡಿಗೆ ಇಳಿಸಬೇಡಿ ಎಂದೂ ಹೇಳಿದರು.

ಹೆಜ್ಜೆಗಳ ವಿವರ ಬೇಕಾದಷ್ಟು ವೀಡಿಯೋಗಳಲ್ಲಿದೆ, ಅದನ್ನು ಬಿಡುತ್ತೇನೆ. ನನಗೆ ಆದದ್ದು ಇಷ್ಟು. 2021ರ ಫೆಬ್ರವರಿಯಲ್ಲಿ ಮೊದಲು ಭಾರತದಲ್ಲೇ ಅರ್ಜಿ ಹಾಕಿದೆ. ಡಿಸೈನ್ ನೋಂದಣಿಯ ಕೆಲಸವೆಲ್ಲ ನಡೆಯುವುದು ಪೇಟೆಂಟ್ ಇಲಾಖೆಯ ಕೊಲ್ಕತ್ತಾ ಕಚೇರಿಯಲ್ಲಿ, ಸಣ್ಣ ಉದ್ದಿಮೆಗೆ ಫೀಸು 1,000 ರೂಪಾಯಿ. ಆ ದಿನದಿಂದ ಆರು ತಿಂಗಳೊಳಗೆ ಹೊರದೇಶದಲ್ಲಿ ಹಾಕಿದರೆ ಇಲ್ಲಿನ ತಾರೀಖೇ ಅಲ್ಲೂ ನಡೆಯುತ್ತದೆ. ಪೇಟೆಂಟ್‌ಗೆ ಹನ್ನೆರಡು ತಿಂಗಳು, ಡಿಸೈನ್‌ಗೆ ಆರೇ. ಇದನ್ನು ಗೋಡೆಯ ಮೇಲೆ ಬರೆದುಕೊಳ್ಳಿ. ನಾನು ಹನ್ನೆರಡು ಎಂದುಕೊಂಡು ಆರಾಮವಾಗಿದ್ದೆ, ಆರು ತಿಂಗಳು ಮುಗಿಯಲು ಒಂಬತ್ತು ದಿನ ಇದೆ ಎನ್ನುವಾಗ ಎಚ್ಚರವಾಯಿತು. ಒಂದೇ ಅರ್ಜಿಯಲ್ಲಿ ಹಲವು ದೇಶ ಮುಗಿಸುವ ಹೇಗ್ ಒಪ್ಪಂದ ಅಂತ ಒಂದಿದೆ, ಆದರೆ ಆಗ ಭಾರತ ಅದರಲ್ಲಿ ಇರಲಿಲ್ಲ. ಹಾಗಾಗಿ ಒಂದೊಂದು ಬಾಗಿಲನ್ನೂ ಬೇರೆಯಾಗಿಯೇ ತಟ್ಟಬೇಕಾಯಿತು.

ಯುರೋಪಿನ ಬಾಗಿಲು, ಅಂದರೆ ಯುರೋಪ್ ಒಕ್ಕೂಟದ ನೋಂದಣಿ ಕಚೇರಿ, ಸ್ಪೇನ್‌ನ ಅಲಿಕಾಂಟೆಯಲ್ಲಿದೆ. 350 ಯೂರೋ, ಆಗಿನ ಲೆಕ್ಕದಲ್ಲಿ 30,000 ಚಿಲ್ಲರೆ. ಒಂದೇ ನೋಂದಣಿ, ಒಕ್ಕೂಟದ ಅಷ್ಟೂ ದೇಶಗಳಿಗೆ ಸಾಕು. ಅರ್ಜಿಯನ್ನು ನೀವೇ ಹಾಕಬಹುದು, ಆದರೆ ನಮ್ಮಂಥ ಹೊರಗಿನವರಿಗೆ ಅದರ ಮುಂದಿನ ಕೆಲಸಕ್ಕೆಲ್ಲ ಅಲ್ಲಿನ ಒಬ್ಬ ಪ್ರತಿನಿಧಿ ಬೇಕೇ ಬೇಕು. ಹ್ಯಾಂಬರ್ಗ್‌ನವರು ಹೇಳಿದ ವಕೀಲರಿಗೆ ಇನ್ನೊಂದು 40,000 ಹೋಯಿತು. ಬ್ರಿಟನ್ 2021ರಿಂದ ಇದರಲ್ಲಿ ಇಲ್ಲ, ಅಲ್ಲಿಗೆ ಬೇರೆ ಅರ್ಜಿ, ಆಗ 50 ಪೌಂಡ್ ಇತ್ತು. ಅದನ್ನು ಮಾತ್ರ ನಾನೇ ಹಾಕಿದೆ. ಅಲ್ಲಿನ ಒಂದು ವಿಳಾಸ ಬೇಕೆಂದರು, ಲೆಸ್ಟರ್‌ನಲ್ಲಿರುವ ಅಕ್ಕನ ಮಗನ ಮನೆ ವಿಳಾಸ ಕೊಟ್ಟೆ. "ಮಾಮಾ, ನಿಮ್ಮ ಫಿಲ್ಟರ್‌ಗೆ ಸರ್ಕಾರದಿಂದ ಕಾಗದ ಬಂದಿದೆ" ಎಂದು ಅವನು ಇವತ್ತಿಗೂ ಆಡಿಕೊಳ್ಳುತ್ತಾನೆ.

ಖುಷಿಯ ವಿಷಯ ಹೇಳುತ್ತೇನೆ. ಯುರೋಪಿನ ಸರ್ಟಿಫಿಕೇಟ್ ಹನ್ನೊಂದನೇ ದಿನ ಬಂತು! ನಮ್ಮ ಸೊಸೈಟಿಯಲ್ಲಿ ಪಾರ್ಕಿಂಗ್ ಸ್ಟಿಕ್ಕರ್‌ಗೆ ಇದಕ್ಕಿಂತ ಜಾಸ್ತಿ ದಿನ ಹಿಡಿದಿತ್ತು. ಪ್ರಿಂಟ್ ತೆಗೆದು ಫ್ರೇಮ್ ಹಾಕಿಸಿ, ಶೆಡ್‌ನಲ್ಲಿ ಗಣಪತಿ ಫೋಟೋ ಪಕ್ಕ ತೂಗುಹಾಕಿದೆ. ಇಷ್ಟು ಬೇಗ ಹೇಗೆ ಬರುತ್ತದೆ ಎಂದು ಆಗ ಯೋಚಿಸಲೇ ಇಲ್ಲ. ಕಾರಣ ಸರಳ. ನಿಮ್ಮ ಡಿಸೈನ್ ನಿಜವಾಗಿ ಹೊಸದೋ ಅಲ್ಲವೋ ಎಂದು ಅಲ್ಲಿ ಮೊದಲೇ ಹುಡುಕಿ ನೋಡುವುದಿಲ್ಲ. ಕಾಗದ, ಚಿತ್ರ ಸರಿ ಇದ್ದರೆ ನೋಂದಣಿ. ಯಾರಾದರೂ ಮುಂದೆ "ಇದು ಹಳೆಯದು" ಎಂದು ತಕರಾರು ತೆಗೆದರೆ ಆಗ ಜಗಳ. ಅಂದರೆ ಗೋಡೆಯ ಮೇಲಿರುವುದು ಕೋಟೆಯಲ್ಲ, ಕೋಟೆಯ ನಕ್ಷೆ.

ಆಗ ಶುರುವಾದ ಒಂದು ಅಭ್ಯಾಸ ಇನ್ನೂ ಬಿಟ್ಟಿಲ್ಲ. ಸೋಮವಾರ ಬೆಳಿಗ್ಗೆ ಪ್ರೆಸ್ ಮೆಷಿನ್ ಚಾಲೂ ಆಗುವ ಮೊದಲು, ಮೂಲೆಯ ಅಮೃತತುಲ್ಯದಿಂದ ಚಹಾ ತರಿಸಿಕೊಂಡು (ಹೌದು, ಫಿಲ್ಟರ್ ಮಾಡುವವನು ಚಹಾ ಕುಡಿಯುತ್ತಾನೆ, ಪುಣೆ ಹಾಗೆ ಮಾಡುತ್ತದೆ), ಡಿಸೈನ್‌ವ್ಯೂ ಎಂಬ, ನೋಂದಣಿಯಾದ ಡಿಸೈನ್‌ಗಳನ್ನು ಹುಡುಕಿ ನೋಡುವ ಸೈಟ್ ತೆರೆಯುತ್ತೇನೆ. ದುಡ್ಡಿಲ್ಲ ಕಾಸಿಲ್ಲ, ಯಾರು ಬೇಕಾದರೂ ನೋಡಬಹುದು. ಡಿಸೈನ್‌ಗಳನ್ನು ವಸ್ತುವಿನ ಪ್ರಕಾರ ವಿಂಗಡಿಸುವ ಲೊಕಾರ್ನೊ ವರ್ಗೀಕರಣದಲ್ಲಿ ಮನೆಬಳಕೆ ಸಾಮಾನು 7ನೇ ವರ್ಗ, ಅದನ್ನು ಹಾಕಿ ಆ ವಾರ ಬಂದದ್ದನ್ನು ಒಂದೊಂದಾಗಿ ನೋಡುತ್ತಾ ಹೋಗುತ್ತೇನೆ. ಕೆಟಲ್, ಸೌಟು, ಬೆಳ್ಳುಳ್ಳಿ ಜಜ್ಜುವ ಸಾಧನ, ಯಾರೋ ಮೊಟ್ಟೆಗೆ ಮಾಡಿದ ಕುರ್ಚಿಯಂಥದ್ದು. ಮೊದಮೊದಲು ಕಳ್ಳನನ್ನು ಹುಡುಕಲು ನೋಡುತ್ತಿದ್ದೆ. ಈಗ ಸುಮ್ನೆ ನೋಡುತ್ತೇನೆ. ಲೋಟದ ಹಿಡಿಯ ಬಗ್ಗೆ ಜಗತ್ತಿನಲ್ಲಿ ಇಷ್ಟು ಜನ ತಲೆ ಕೆಡಿಸಿಕೊಳ್ಳುತ್ತಾರೆ ಎನ್ನುವುದೇ ಒಂದು ಸಮಾಧಾನ. ಡೈ ಮಾಡುವ ಹುಡುಗನೂ ಈಗ ಬಂದು ಪಕ್ಕದಲ್ಲಿ ನಿಲ್ಲುತ್ತಾನೆ.

ಇನ್ನು ಕಹಿ ಭಾಗ. 2023ರ ಫೆಬ್ರವರಿಯಲ್ಲಿ ಫ್ರಾಂಕ್‌ಫರ್ಟ್‌ನ ಆಂಬಿಯೆಂಟೆ ಮೇಳದಿಂದ ಹ್ಯಾಂಬರ್ಗ್‌ನವರು ವಾಟ್ಸ್ಆ್ಯಪ್‌ನಲ್ಲಿ ಒಂದು ಫೋಟೋ ಕಳಿಸಿದರು. ಯಾವುದೋ ಸ್ಟಾಲ್‌ನಲ್ಲಿ ನಮ್ಮ ಫಿಲ್ಟರ್ ಕೂತಿತ್ತು. ನಮ್ಮದಲ್ಲ, ಆದರೆ ನಮ್ಮದೇ. ಅದೇ ಸೊಂಟ, ಅದೇ ಮುಚ್ಚಳ, ಮೈಯೆಲ್ಲ ಮಂಕು ಕಪ್ಪು ಬಣ್ಣ. ನಾವು ಸೊಂಟದ ಸುತ್ತ ರಂಗೋಲಿ ಚುಕ್ಕಿಯ ಪಟ್ಟಿ ಕೊಟ್ಟಿದ್ದೆವು, ಅದೊಂದು ಇರಲಿಲ್ಲ. ನನಗೋ ಸಿಟ್ಟಿನ ಜೊತೆಗೆ ಒಂಥರಾ ಹುರುಪು, ಸರ್ಟಿಫಿಕೇಟ್ ಇದೆಯಲ್ಲ!

ವಕೀಲರು ನಮ್ಮ ನೋಂದಣಿಯ ಚಿತ್ರಗಳನ್ನು ತೆರೆದಿಟ್ಟು ಮೆತ್ತಗೆ ಕೇಳಿದರು, "ಇವನ್ನು ಯಾರು ಮಾಡಿದ್ದು?"

ನಾನೇ ಮಾಡಿಸಿದ್ದು. ಪುಣೆಯ ಒಬ್ಬ ಸಲಹೆಗಾರರು "3ಡಿ ರೆಂಡರ್ ಕೊಡಿ ಸರ್, ರಿಚ್ ಆಗಿ ಕಾಣುತ್ತೆ" ಎಂದಿದ್ದರು, ಕೊಟ್ಟಿದ್ದೆ. ಥಳಥಳ ಹೊಳೆಯುವ ಸ್ಟೀಲು, ಚುಕ್ಕಿ ಪಟ್ಟಿ, ಮುಚ್ಚಳದ ಮೇಲೆ ನಮ್ಮ ಲೋಗೋ ಸಮೇತ. ಕ್ಯಾಟಲಾಗ್‌ಗೆ ಚೆಂದ. ಕಾನೂನಿಗೆ ಮಾತ್ರ, ಚಿತ್ರದಲ್ಲಿ ಏನೇನು ಕಾಣುತ್ತದೋ ಅಷ್ಟೂ ಸೇರಿಯೇ ನಿಮ್ಮ ಡಿಸೈನ್. ನಾನು ಸೊಂಟವನ್ನು ಕಾಪಾಡಲು ಹೋಗಿ "ಹೊಳಪು, ಚುಕ್ಕಿ, ಲೋಗೋ ಇರುವ ಸೊಂಟ"ವನ್ನು ಕಾಪಾಡಿಕೊಂಡಿದ್ದೆ. ಹೊಳಪೂ ಚುಕ್ಕಿಯೂ ಇಲ್ಲದ ಕಪ್ಪು ಸೊಂಟ ಬೇರೆಯೇ ಛಾಪು ಮೂಡಿಸುತ್ತದೆ ಎಂದು ಎದುರಿನವರು ವಾದಿಸಬಹುದು.

ಇದು ನನ್ನೊಬ್ಬನ ಪೆದ್ದುತನ ಅಲ್ಲ ಎಂದು ತಿಳಿದಾಗ ಸ್ವಲ್ಪ ಹಗುರಾಯಿತು. ಮಕ್ಕಳು ಮೇಲೆ ಕೂತು ಎಳೆಸಿಕೊಂಡು ಹೋಗುವ ಟ್ರಂಕಿ ಸೂಟ್‌ಕೇಸ್ ವಿಮಾನ ನಿಲ್ದಾಣದಲ್ಲಿ ನೋಡಿರುತ್ತೀರಿ. ಅದನ್ನು ಹೋಲುವ ಕಿಡ್ಡೀ ಕೇಸ್ ಎಂಬುದರ ಮೇಲೆ ಅವರು ಕೇಸು ಹಾಕಿ, 2016ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟಿನಲ್ಲಿ ಸೋತರು. ಅಲ್ಲೂ ಗಂಟು ಬಿದ್ದದ್ದು ಚಿತ್ರದಲ್ಲೇ. ಬರೀ ಗೆರೆಯ ಚಿತ್ರ ಕೊಡುವ ಬದಲು ಕಂಪ್ಯೂಟರ್‌ನಲ್ಲಿ ನೆರಳು ತುಂಬಿದ ಚಿತ್ರ ಕೊಟ್ಟಿದ್ದರು, ಚಕ್ರ ಮತ್ತು ಪಟ್ಟಿಯ ಬಣ್ಣ ಮೈಬಣ್ಣಕ್ಕಿಂತ ಬೇರೆಯಾಗಿ ಕಾಣುತ್ತಿತ್ತು, ಅದೂ ಡಿಸೈನಿನ ಭಾಗವೇ ಎಂದಾಯಿತು. ಅಷ್ಟು ದೊಡ್ಡವರೇ ಎಡವಿದ ಕಲ್ಲು ಇದು. ನಾವು ಎಡವಿದ್ದು ಐದು ವರ್ಷದ ನಂತರ, ಅದೇ ಬೇಜಾರು.

ತಿದ್ದಬಹುದಲ್ಲ ಎಂದೆ. ಆಗುವುದಿಲ್ಲ. ನೋಂದಣಿಯ ಚಿತ್ರ ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ. ಹೊಸ ಅರ್ಜಿ ಹಾಕೋಣ ಎಂದರೆ, ಮಾಲು ಹೊರಗೆ ಬಂದ ಮೇಲೂ ಅರ್ಜಿ ಹಾಕಲು ಯುರೋಪಿನಲ್ಲಿ ಹನ್ನೆರಡು ತಿಂಗಳ ಅವಕಾಶ ಇದೆ, ನಮ್ಮದು ಅಷ್ಟರಲ್ಲಿ ಅದನ್ನೂ ದಾಟಿತ್ತು. ನನ್ನ ಸೊಂಟಕ್ಕೆ ನನ್ನ ಹಳೇ ಫಿಲ್ಟರೇ ಅಡ್ಡ ಬಂತು. ಕೋರ್ಟಿಗೆ ಹೋದರೆ ಆಗುವ ಖರ್ಚು ಕೇಳಿದೆ, ಆ ದುಡ್ಡಿಗೆ ಇನ್ನೊಂದು ಪ್ರೆಸ್ ಮೆಷಿನ್ ಬರುತ್ತಿತ್ತು. ಮೆಷಿನ್ ತಂದೆ.

ಒಂದು ವರ್ಷ ಆ ಫ್ರೇಮ್ ಕಡೆ ನೋಡಲೇ ಇಲ್ಲ. ಅದರ ಮೇಲೆ ಬೇರೆ, ರಿಜಿಸ್ಟರ್‌ನಲ್ಲಿ ನಮ್ಮ ವಿಳಾಸ ಪ್ರಕಟವಾದ ಮೇಲೆ ನಕಲಿ ಬಿಲ್ಲುಗಳು ಬರಲು ಶುರುವಾಗಿದ್ದವು. ಸರ್ಕಾರಿ ಕಾಗದದಂತೆಯೇ ಮುದ್ರೆ, ನಮ್ಮ ನೋಂದಣಿ ನಂಬರ್, ನಮ್ಮದೇ ಫಿಲ್ಟರ್‌ನ ಚಿತ್ರ, ಕೆಳಗೆ ಸಾವಿರಕ್ಕೂ ಜಾಸ್ತಿ ಯೂರೋ ಕಟ್ಟಿ ಎಂದು. ಲೆಕ್ಕ ನೋಡುವ ನಮ್ಮ ಮರಾಠಿ ಅಕ್ಕ ಒಂದು ದಿನ ಬ್ಯಾಂಕ್ ಫಾರ್ಮ್ ಕೂಡ ತುಂಬಿಟ್ಟು, "ಸಾಹೇಬ್, ಹೇ ಭರಾಯ್ಚಂ ಕಾ?" (ಇದನ್ನು ಕಟ್ಟಬೇಕಾ?) ಎಂದು ಕೇಳಿದರು. ಕೇಳಿದ್ದೇ ಪುಣ್ಯ. ಇಂಥ ಕಾಗದಗಳ ಬಗ್ಗೆ ಅಲಿಕಾಂಟೆಯವರೇ ತಮ್ಮ ಸೈಟಿನಲ್ಲಿ ಎಚ್ಚರಿಕೆ ಹಾಕಿದ್ದಾರೆ. ಏನೇ ಬಂದರೂ ಮೊದಲು ನಿಮ್ಮ ವಕೀಲರಿಗೆ ಫೋಟೋ ಕಳಿಸಿ.

ಹಾಗಾದರೆ ಮೂರೂವರೆ ಸ್ಟಾರ್ ಯಾಕೆ ಕೊಟ್ಟೆ? 2024ರಲ್ಲಿ ಇನ್ನಿಬ್ಬರು ಆನ್‌ಲೈನ್‌ನಲ್ಲಿ ನಮ್ಮ ಫಿಲ್ಟರನ್ನು ಚುಕ್ಕಿ ಸಮೇತ ನಕಲು ಮಾಡಿ ಮಾರಲು ಬಂದರು. ವಕೀಲರು ನೋಂದಣಿ ನಂಬರ್ ಹಾಕಿ ದೂರು ಕೊಟ್ಟರು, ವಾರದೊಳಗೆ ಎರಡೂ ಪುಟ ಮಾಯ. ಸೋಮಾರಿ ಕಳ್ಳನನ್ನು ಈ ನೋಂದಣಿ ಚೆನ್ನಾಗಿ ಹಿಡಿಯುತ್ತದೆ. ತಲೆ ಓಡಿಸುವ ಕಳ್ಳನಿಗೆ ನಿಮ್ಮ ಚಿತ್ರವೂ ತಲೆ ಓಡಿಸಿ ಬರೆದದ್ದಾಗಿರಬೇಕು.

ಈ ವರ್ಷ ನವೀಕರಣ ಕಟ್ಟಿದೆ. ಐದೈದು ವರ್ಷದಂತೆ 25 ವರ್ಷದವರೆಗೆ ಎಳೆಯಬಹುದು. ಮೊದಲ ನವೀಕರಣ ಹಿಂದೆ 90 ಯೂರೋ ಇತ್ತು, 2025ರ ಮೇ 1ರಿಂದ 150. ಕೊನೆಯದು 180 ಇದ್ದದ್ದು 700 ಆಗಿದೆ, ಅಷ್ಟು ವರ್ಷ ಸೊಂಟದ ಫಿಲ್ಟರ್ ಓಡುತ್ತದೋ ಇಲ್ಲವೋ ನೋಡೋಣ. ಅದೇ ದಿನದಿಂದ ಇನ್ನೊಂದು ಬಂದಿದೆ, ವೃತ್ತದೊಳಗೆ ಇಂಗ್ಲಿಷಿನ ಡಿ ಅಕ್ಷರ, ನೋಂದಾಯಿತ ಡಿಸೈನ್ ಎಂಬ ಗುರುತು. ಯುರೋಪಿಗೆ ಹೋಗುವ ಫಿಲ್ಟರ್‌ಗಳ ತಳದಲ್ಲಿ ಅದನ್ನು ಒತ್ತಿಸುತ್ತಿದ್ದೇನೆ. "ಡಿ ಅಂದ್ರೆ ಏನ್ರೀ, ಧಾರವಾಡಾ?" ಎಂದು ಕೇಳಿದ ನಮ್ಮೂರ ಹುಡುಗನಿಗೆ ಹೂಂ ಅಂದೆ.

ಮುಂದಿನದು ಚಟ್ನಿ ಡಬ್ಬಿ. ಈ ಸಲ ಚಿತ್ರಗಳನ್ನು ಮಗಳು ಬರೆಯುತ್ತಿದ್ದಾಳೆ. ಬರೀ ಗೆರೆ. ಹೊಳಪಿಲ್ಲ, ನೆರಳಿಲ್ಲ, ಲೋಗೋ ಇಲ್ಲ, ನಮಗೆ ಹಕ್ಕು ಬೇಡದ ಭಾಗವೆಲ್ಲ ಚುಕ್ಕಿ ಗೆರೆಯಲ್ಲಿ. ಕೊಲ್ಕತ್ತಾಗೆ ಅರ್ಜಿ ಇನ್ನೂ ಹೋಗಿಲ್ಲ, ಅದಕ್ಕೇ ಇಲ್ಲಿ ಅದರ ಫೋಟೋ ಹಾಕಿಲ್ಲ. ದಯವಿಟ್ಟು ಕೇಳಬೇಡಿ.